ಲೋಟದೊಳಗಿನ ಸೊಪ್ಪು

ಬೆಳಗಿನ ಆರು ಗಂಟೆಯ ಮಬ್ಬಿನಲ್ಲಿ ಲಾಲ್‌ಬಾಗಿನ ಬಾಗಿಲ ಬಳಿ ಸಾಲಾಗಿ ಇಟ್ಟಿರುವ ಸ್ಟೀಲ್ ಪಾತ್ರೆಗಳನ್ನೂ, ಅವುಗಳಿಗೆ ಅಂಟಿಸಿದ ಚೀಟಿಗಳಲ್ಲಿ ಗರಿಕೆ, ಬೇವು, ಹಾಗಲ, ಬೂದುಗುಂಬಳ, ನೆಲ್ಲಿ ಎಂದು ಕಾಣುವ ಹೆಸರುಗಳನ್ನೂ, ಔಷಧ ಸೇವಿಸುವವರ ಶ್ರದ್ಧೆಯಿಂದ ನಿಂತಲ್ಲೇ ಲೋಟವನ್ನು ಬರಿದುಮಾಡಿ ಮುಂದಿನ ಸುತ್ತಿಗೆ ಹೊರಡುವ ಹಿರಿಯರನ್ನೂ ನಾನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅವರಲ್ಲಿ ಹೆಚ್ಚಿನವರು ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳಲ್ಲಿ ಒಂದಲ್ಲ ಒಂದನ್ನು ಹೊತ್ತುಕೊಂಡು ಬಂದವರು; ವೈದ್ಯರು ಕೊಟ್ಟ ಮಾತ್ರೆಗಳ ಜೊತೆಗೆ ತಮ್ಮ ಕೈಲಾದ ಯತ್ನವೊಂದನ್ನು ತಾವೇ ಮಾಡಿಕೊಳ್ಳಬೇಕೆಂಬ ಅವರ ಹಂಬಲ ಗೌರವಕ್ಕೆ ಅರ್ಹವಾದುದು. ಆದರೆ ಆ ಪಾತ್ರೆಗಳಲ್ಲಿರುವ ರಸವೂ, ಈಗ ನಗರದ ಮನೆಮನೆಯ ಮಿಕ್ಸಿಯಲ್ಲಿ ಸಿದ್ಧವಾಗುತ್ತಿರುವ ಹಸಿರು ಸ್ಮೂದಿಯೂ ಒಂದೇ ಅಲ್ಲ. ಮೊದಲನೆಯದು ಹಿಂಡಿ ಸೋಸಿದ್ದು, ನಾರೆಲ್ಲ ಬಟ್ಟೆಯಲ್ಲೇ ಉಳಿದದ್ದು. ಎರಡನೆಯದು ಎಲೆ, ದಂಟು, ನಾರುಗಳನ್ನೆಲ್ಲ ನುಣ್ಣಗೆ ಅರೆದು, ಯಾವುದನ್ನೂ ಚೆಲ್ಲದೆ ಕುಡಿಯತಕ್ಕದ್ದು. ಈ ಎರಡನೆಯದರ ಗುಣದೋಷಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ಇಲ್ಲಿ ನನ್ನ ಉದ್ದೇಶ.

ನಮ್ಮ ಮನೆಗೆ ಅದು ಬಂದದ್ದು ಸೊಸೆಯ ಕೈಯಿಂದ. ನನ್ನ ರಕ್ತದೊತ್ತಡ ಏರಿದೆಯೆಂದು ತಿಳಿದ ವಾರದಿಂದಲೇ ಅವಳು ಬೆಳಗ್ಗೆ ಎದ್ದು, ಒಂದು ಕಟ್ಟು ಪಾಲಕ್, ಒಂದು ಹಿಡಿ ಪುದೀನ, ಅರ್ಧ ಸೌತೆಕಾಯಿ, ಒಂದು ಸೇಬು, ಬೆರಳ ತುದಿಯಷ್ಟು ಶುಂಠಿ ಇವಿಷ್ಟನ್ನೂ ಮಿಕ್ಸಿಯ ದೊಡ್ಡ ಜಾರಿಗೆ ತುಂಬಿ, ನೀರು ಹೊಯ್ದು, ನೊರೆಯೇಳುವ ತನಕ ತಿರುಗಿಸಿ, ನಿಂಬೆಹಣ್ಣು ಹಿಂಡಿ, "ಮಾವ, ಇದನ್ನ ಕುಡಿದೇ ವಾಕಿಂಗಿಗೆ ಹೋಗಿ" ಎಂದು ಉದ್ದನೆಯ ಗಾಜಿನ ಲೋಟವನ್ನು ಕೈಗಿಡುವಳು. ಆ ಹಸಿರು ನಿಜಕ್ಕೂ ಮನೋಹರವಾದುದು. ಮಳೆ ಬಿದ್ದ ಮರುದಿನದ ಗದ್ದೆಯ ಬದುವನ್ನು ಲೋಟದೊಳಗೆ ತುಂಬಿಟ್ಟಂತೆ ತೋರುವುದು. ನಾನು ಅದನ್ನು ಸುಮಾರು ಐದು ತಿಂಗಳು, ಒಂದು ದಿನವೂ ತಪ್ಪದೆ, ಕುಡಿದೆನು. ಆಮೇಲೆ ಮಾಮೂಲಿನ ಪರೀಕ್ಷೆಗೆ ಹೋದಾಗ ವೈದ್ಯರು ಮೂತ್ರಪಿಂಡದಲ್ಲಿ ಸಣ್ಣದೊಂದು ಕಲ್ಲಿದೆಯೆಂದು ಹೇಳಿ, ದಿನದ ಆಹಾರವನ್ನು ವಿಚಾರಿಸುತ್ತ ಪಾಲಕಿನ ವಿಷಯ ಬಂದೊಡನೆ ಪೆನ್ನು ಕೆಳಗಿಟ್ಟು, "ದಿನಾ ಒಂದು ಕಟ್ಟೇ?" ಎಂದು ಕೇಳಿದರು. ಕಲ್ಲಿಗೆ ಆ ಲೋಟವೇ ಕಾರಣವೆಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅಂದಿನಿಂದ ಈ ಪಾನೀಯದ ಹುಟ್ಟನ್ನೂ ಅದರ ಪರವಾದ ವಾದಗಳನ್ನೂ ಮನಸ್ಸಿಟ್ಟು ಓದತೊಡಗಿದೆನು.

ಇದರ ಜನ್ಮಭೂಮಿ ಅಮೆರಿಕ. ಕಳೆದ ಶತಮಾನದ ಆದಿಯಲ್ಲಿ ಅದೇ ದೇಶದಲ್ಲಿ ಹೊರೇಸ್ ಫ್ಲೆಚರ್ ಎಂಬ ಗೃಹಸ್ಥನು ಪ್ರತಿಯೊಂದು ತುತ್ತನ್ನೂ ಬಾಯಲ್ಲೇ ನೀರಾಗುವಷ್ಟು ಅಗಿಯಬೇಕೆಂದು ಸಾರಿ ಸಹಸ್ರಾರು ಜನರನ್ನು ಒಲಿಸಿಕೊಂಡಿದ್ದನು. ಆಮೇಲೆ ಬಂದವರು ಆ ಅಗಿಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಲಿಥುವೇನಿಯಾದಲ್ಲಿ ಹುಟ್ಟಿ ಬಾಸ್ಟನ್ನಿನಲ್ಲಿ ನೆಲೆಸಿದ ಆನ್ ವಿಗ್‌ಮೋರ್ ಗೋಧಿಹುಲ್ಲಿನ ರಸವನ್ನು ಸರ್ವರೋಗನಿವಾರಕವೆಂಬಂತೆ ಪ್ರಚಾರಮಾಡಿದರು. ರಷ್ಯಾದಿಂದ ಬಂದು ಅಮೆರಿಕದಲ್ಲಿ ನೆಲೆಸಿದ ವಿಕ್ಟೋರಿಯಾ ಬುಟೆಂಕೊ 2005ರಲ್ಲಿ 'ಗ್ರೀನ್ ಫಾರ್ ಲೈಫ್' ಎಂಬ ಪುಸ್ತಕವನ್ನು ಪ್ರಕಟಿಸಿ, ಇಂದಿನ ಹಸಿರು ಸ್ಮೂದಿಗೆ ಅದರ ಹೆಸರನ್ನೂ ಹದವನ್ನೂ ಒದಗಿಸಿದರು. ಚಿಂಪಾಂಜಿಯ ಆಹಾರದಲ್ಲಿ ಎಲೆಗಳ ಪಾಲು ದೊಡ್ಡದು; ನಮಗೆ ಅಷ್ಟು ಎಲೆಯನ್ನು ಅಗಿಯುವ ದವಡೆಯಾಗಲಿ ತಾಳ್ಮೆಯಾಗಲಿ ಇಲ್ಲ; ಆದುದರಿಂದ ಜೀವಕೋಶಗಳ ಗೋಡೆಯನ್ನು ಒಡೆಯುವ ಕೆಲಸವನ್ನು ಬ್ಲೆಂಡರಿನ ಅಲಗು ಮಾಡಲಿ, ಎಲೆಯ ಒಗರನ್ನು ಹಣ್ಣು ಮರೆಮಾಡಲಿ ಎಂಬುದು ಅವರ ವಾದದ ತಿರುಳು. ಆ ವಾದವನ್ನು ಕುಚೋದ್ಯವೆಂದು ತಳ್ಳಿಹಾಕುವಂತಿಲ್ಲ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಪಾಲಕನ್ನು ಬೇಯಿಸಿಯೂ, ಹುರಿದೂ, ಹಸಿಯಾಗಿ ಅರೆದೂ ಪರೀಕ್ಷಿಸಿದಾಗ, ಕಣ್ಣಿಗೆ ಹಿತವೆನ್ನಲಾದ ಲ್ಯೂಟೀನ್ ಎಂಬ ವರ್ಣದ್ರವ್ಯವು ಬಹುಕಾಲ ಬೇಯಿಸಿದ ಸೊಪ್ಪಿನಲ್ಲಿ ಕುಗ್ಗುವುದೆಂದೂ, ಹಸಿಯಾಗಿ ಅರೆದು ಹಾಲು ಮೊಸರಿನ ಕೊಬ್ಬಿನೊಡನೆ ಬೆರೆಸಿದಾಗ ಚೆನ್ನಾಗಿ ಬಿಡುಗಡೆಯಾಗುವುದೆಂದೂ ಪ್ರಯೋಗಶಾಲೆಯ ಪಾತ್ರೆಯಲ್ಲಿ ಕಂಡುಕೊಂಡರು. ಜೀವನದುದ್ದಕ್ಕೂ ತಟ್ಟೆಯ ಅಂಚಿಗೆ ಸೊಪ್ಪಿನ ಪಲ್ಯವನ್ನು ಸರಿಸುತ್ತ ಬಂದ ಒಬ್ಬ ಮನುಷ್ಯನ ಹೊಟ್ಟೆಯೊಳಕ್ಕೆ ಒಂದು ಹಿಡಿ ಎಲೆಯನ್ನು ನಾರುಸಹಿತವಾಗಿ ಈ ಉಪಾಯ ಸೇರಿಸುವುದಾದರೆ, ಅಷ್ಟರಮಟ್ಟಿಗೆ ಅದು ಲಾಭವೆಂದೇ ನಾನು ಎಣಿಸುತ್ತೇನೆ. ಸೊಪ್ಪನ್ನು ಬಿಡಿಸಿ, ಹುಳು ಹಳದಿಗಳನ್ನು ಆರಿಸಿ, ತೊಳೆದು ಹೆಚ್ಚುವ ಕೆಲಸ ಎಷ್ಟೆಂಬುದನ್ನು ಎರಡು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುವ ದುಡಿಯುವ ಹೆಣ್ಣುಮಗಳನ್ನು ಕೇಳಿದರೆ ತಿಳಿಯುವುದು.

ಹಸುರಿನ ಬಣ್ಣಕ್ಕೆ ಹಚ್ಚಿದ ಮಹಿಮೆಯನ್ನು ಮಾತ್ರ ನಾನು ಒಪ್ಪಲಾರೆ. ಎಲೆಯ ಪತ್ರಹರಿತ್ತಿನ ಅಣುವೂ ನಮ್ಮ ರಕ್ತದ ಹೀಮೋಗ್ಲೋಬಿನ್ನಿನಲ್ಲಿರುವ ಹೀಮ್ ಎಂಬ ಅಣುವೂ ಒಂದೇ ಅಚ್ಚಿನವೆಂಬುದು ಸತ್ಯ. ಈ ಎರಡರ ರಚನೆಯನ್ನೂ ಶೋಧಿಸಿದ ಹಾನ್ಸ್ ಫಿಷರನಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಒಂದರ ನಡುವೆ ಮೆಗ್ನೀಸಿಯಂ, ಇನ್ನೊಂದರ ನಡುವೆ ಕಬ್ಬಿಣ. ಈ ಸಾದೃಶ್ಯವನ್ನೇ ಹಿಡಿದು, ಹಸಿರು ಕುಡಿದರೆ ಅದು ನೇರವಾಗಿ ರಕ್ತವಾಗುವುದೆಂದು ವಿಗ್‌ಮೋರ್ ಮೊದಲಾದವರು ಹೇಳಿದರು. ಆ ಮಾತು ಇಂದಿಗೂ ಬಾಯಿಂದ ಬಾಯಿಗೆ ಹರಿದುಬರುತ್ತಿದೆ. ಒಂದು ದಿನ ಸೊಸೆ ಕೊಟ್ಟ ಲೋಟವನ್ನು ಮೇಜಿನ ಮೇಲಿಟ್ಟು ಪತ್ರಿಕೆ ಓದುತ್ತ ಮರೆತೆನು. ಗಂಟೆಯ ಮೇಲೆ ನೋಡಿದಾಗ, ನಿಂಬೆಯ ಹುಳಿ ತನ್ನ ಕೆಲಸ ಮಾಡಿತ್ತು: ಮೇಲಿನ ನೊರೆ ಇಳಿದು, ನೀರು ಒಂದು ಕಡೆ, ಸೊಪ್ಪಿನ ಮಡ್ಡಿ ಒಂದು ಕಡೆಯಾಗಿ, ಆ ಗದ್ದೆಯ ಹಸಿರು ಹೋಗಿ ಉಪ್ಪಿನಲ್ಲಿ ನೆನೆದ ಮಾವಿನಮಿಡಿಯ ಬಣ್ಣ ಬಂದಿತ್ತು. ಭರಣಿಯೊಳಗೆ ಮಿಡಿ ಬಣ್ಣ ಬದಲಿಸುವುದಕ್ಕೂ ಇದಕ್ಕೂ ಕಾರಣ ಒಂದೇ; ಆಮ್ಲ ತಾಕಿದೊಡನೆ ಪತ್ರಹರಿತ್ತಿನ ನಡುವಿನ ಮೆಗ್ನೀಸಿಯಂ ಕಳಚಿಕೊಳ್ಳುವುದು. ನಮ್ಮ ಜಠರದ ಆಮ್ಲವೋ ನಿಂಬೆಯ ಹುಳಿಗಿಂತಲೂ ತೀಕ್ಷ್ಣವಾದುದು. ಕುಡಿದವರ ಕಣ್ಣಿಗೆ ಕಾಣದಿದ್ದರೂ ಒಳಗೆ ನಡೆಯುವುದು ಅದೇ. ರಕ್ತವಾಗಬೇಕಾದರೆ ಬೇಕಾದುದು ಕಬ್ಬಿಣ. ಸೊಪ್ಪಿನ ಕಬ್ಬಿಣವನ್ನು ದೇಹವು ಸ್ವಲ್ಪಮಾತ್ರವೇ ಹೀರಿಕೊಳ್ಳುವುದಾದರೂ, ಬಣ್ಣವನ್ನು ಕೆಡಿಸಿದ ಅದೇ ನಿಂಬೆಹಣ್ಣಿನ ಸಿ ಜೀವಸತ್ವ ಆ ಹೀರಿಕೆಗೆ ನೆರವಾಗುವುದು. ಆದುದರಿಂದ ನಿಂಬೆ ಹಿಂಡುವ ಕೈಯನ್ನು ನಾನು ತಡೆಯುವುದಿಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆಯಿದೆ. ಅಮೆರಿಕದವರ ಪುಸ್ತಕಗಳಲ್ಲಿ ಈ ಪಾನೀಯಕ್ಕೆ ಬಹುವಾಗಿ ಬಳಸುವ ಎಲೆ ಕೇಲ್ ಎಂಬುದು, ಎಲೆಕೋಸಿನ ಬಂಧು. ಅದರಲ್ಲಿ ಆಕ್ಸಲೇಟ್ ಅತ್ಯಲ್ಪ. ಅದರೊಳಗಿನ ಸುಣ್ಣಾಂಶದಲ್ಲಿ ಶೇಕಡ 40ರಷ್ಟನ್ನು ದೇಹ ಗ್ರಹಿಸಬಲ್ಲುದು, ಹಾಲಿಗಿಂತ ಯಾವ ರೀತಿಯಲ್ಲೂ ಕಡಮೆಯಿಲ್ಲ. ಆ ಪಾಕವಿಧಾನ ಸಮುದ್ರ ದಾಟಿ ಬೆಂಗಳೂರಿಗೆ ಬಂದಾಗ, ಕೇಲ್ ಎಲ್ಲರ ಕೈಗೆ ಎಟುಕದ ಬೆಲೆಯದಾದುದರಿಂದ, ಅದರ ಸ್ಥಾನದಲ್ಲಿ ತಳ್ಳುವ ಗಾಡಿಯ ಪಾಲಕ್ ಕುಳಿತಿತು. ಬಣ್ಣ ಒಂದೇ ಆಗಿದ್ದರೂ ಎಲೆಯ ಸ್ವಭಾವ ಬೇರೆ. 100 ಗ್ರಾಂ ಹಸಿ ಪಾಲಕಿನಲ್ಲಿ ಸುಮಾರು 600ರಿಂದ 900 ಮಿಲಿಗ್ರಾಂ ಆಕ್ಸಲೇಟ್ ಇರುವುದುಂಟು. ಸಾಧಾರಣವಾದ ಊಟತಿಂಡಿಗಳಿಂದ ಒಬ್ಬ ಮನುಷ್ಯನಿಗೆ ಇಡೀ ದಿನದಲ್ಲಿ ಸಿಗುವುದು 100ರಿಂದ 200 ಮಿಲಿಗ್ರಾಮಿನ ಆಸುಪಾಸಿನಷ್ಟು. ಪಾಲಕಿನ ಸುಣ್ಣಾಂಶವೂ ಆ ಆಕ್ಸಲೇಟಿನ ಹಿಡಿತದಲ್ಲಿರುವುದರಿಂದ ಅದರಲ್ಲಿ ಶೇಕಡ 5ರಷ್ಟು ಮಾತ್ರ ನಮಗೆ ದಕ್ಕುವುದು. ಮಿಕ್ಕ ಆಕ್ಸಲೇಟ್ ರಕ್ತಕ್ಕೆ ಸೇರಿದರೆ ಹೊರಬೀಳಬೇಕಾದ ದಾರಿ ಮೂತ್ರಪಿಂಡವೊಂದೇ. 2018ರಲ್ಲಿ ಅಮೆರಿಕದ ಮೂತ್ರಪಿಂಡ ವೈದ್ಯರ ಪತ್ರಿಕೆಯೊಂದರಲ್ಲಿ 65 ವರ್ಷದ ಮಹಿಳೆಯೊಬ್ಬರ ವೃತ್ತಾಂತ ಪ್ರಕಟವಾಯಿತು. ದೇಹಶುದ್ಧಿಗೆಂದು ಹತ್ತು ದಿನ ಹಸಿರು ಸ್ಮೂದಿಯನ್ನು ಸೇವಿಸಿದ ಬಳಿಕ ಅವರ ಮೂತ್ರಪಿಂಡಗಳು ಆಕ್ಸಲೇಟ್ ಹರಳುಗಳಿಂದ ಕಟ್ಟಿಹೋಗಿ, ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಅವರಿಗೆ ಹಿಂದೆ ಜಠರದ ಶಸ್ತ್ರಚಿಕಿತ್ಸೆಯಾಗಿತ್ತು, ಆ್ಯಂಟಿಬಯೋಟಿಕ್ಕುಗಳನ್ನು ದೀರ್ಘಕಾಲ ಸೇವಿಸಿದ್ದರು ಎಂಬುದನ್ನೂ ಹೇಳಬೇಕು. ಆರೋಗ್ಯವಂತನಾದ ಪ್ರತಿಯೊಬ್ಬನಿಗೂ ಹಾಗಾಗುವುದೆಂದು ಹೆದರಿಸುವುದು ನ್ಯಾಯವಲ್ಲ. ಆದರೆ ಲಾಲ್‌ಬಾಗಿನ ಬಾಗಿಲಲ್ಲಿ ನಿಂತವರಲ್ಲಿ ಆರೋಗ್ಯವಂತರೆಷ್ಟು ಮಂದಿ? ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವವರಿಗೆ ಎಲೆಯಲ್ಲಿರುವ ಕೆ ಜೀವಸತ್ವ ಆ ಔಷಧದ ಎದುರಾಳಿ. ರಕ್ತದೊತ್ತಡಕ್ಕೆ ಹಿತವಾದ ಪೊಟ್ಯಾಸಿಯಂ, ಮೂತ್ರಪಿಂಡ ಸೋತವರಿಗೆ ಹೃದಯದ ಬಡಿತವನ್ನೇ ಕೆಡಿಸಬಲ್ಲ ವಸ್ತು. ಬುಟೆಂಕೊ ತಮ್ಮ ಓದುಗರಿಗೆ ಒಂದೇ ಎಲೆಯನ್ನು ನಿತ್ಯವೂ ಬಳಸಬೇಡಿ, ಬದಲಿಸುತ್ತಿರಿ ಎಂದು ಎಚ್ಚರಿಸಿದ್ದುಂಟು; ಆ ಎಚ್ಚರಿಕೆ ದಾರಿಯಲ್ಲೆಲ್ಲೋ ಉದುರಿಹೋಗಿ, ನಮ್ಮಲ್ಲಿಗೆ ಲೋಟವೊಂದೇ ಬಂದು ತಲಪಿತು.

ಎಲೆಯನ್ನು ಹಸಿಯಾಗಿ ಅರೆದು ದ್ರವವಾಗಿ ಸೇವಿಸುವುದು ನಮಗೆ ಹೊಸದೇನೂ ಅಲ್ಲ ಎಂಬುದು ಮಲೆನಾಡಿನಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಮ್ಮ ಮಾಡುತ್ತಿದ್ದ ಒಂದೆಲಗದ ತಂಬುಳಿ ಈಗಲೂ ನನ್ನ ನಾಲಿಗೆಯ ಮೇಲಿದೆ. ಬಚ್ಚಲ ನೀರು ಹರಿದುಹೋಗುವ ತೋಡಿನಿಂದ ದೂರವಾಗಿ, ಬಾವಿಕಟ್ಟೆಯ ತಂಪಿನಲ್ಲಿ ಹಬ್ಬಿದ ಬಳ್ಳಿಯಿಂದಲೇ ಎಲೆ ಕೊಯ್ಯಬೇಕೆಂಬುದು ಅವಳ ಕಟ್ಟುನಿಟ್ಟು. ಎಲೆಯನ್ನು ಮೂರು ನೀರಿನಲ್ಲಿ ತೊಳೆದು, ತೆಂಗಿನತುರಿ, ಚೂರು ಜೀರಿಗೆ, ನಾಲ್ಕು ಕಾಳು ಮೆಣಸಿನೊಡನೆ ಒರಳಿಗೆ ಹಾಕಿ, ಗುಂಡುಕಲ್ಲು ಒಂದು ಕೈಯಿಂದ ತಿರುಗುತ್ತಿರುವಾಗ ಇನ್ನೊಂದು ಕೈಯಿಂದ ಅಂಚನ್ನು ಒಳಕ್ಕೆ ಸವರುತ್ತ, ಬೆಣ್ಣೆಯಂತಾದ ಮೇಲೆ ಬಳಿದು ತೆಗೆದು, ಕಡೆದ ಮಜ್ಜಿಗೆಯಲ್ಲಿ ಕದಡಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನಕಾಯಿ ಸಿಡಿಸಿ ಒಗ್ಗರಣೆ ಕೊಡುವಳು. ದೊಡ್ಡಪತ್ರೆಯಾದರೆ ಮೊದಲು ತುಪ್ಪದಲ್ಲಿ ಬಾಡಿಸುವಳು. ಬಿಸಿ ಅನ್ನದ ಮೇಲೆ ತಣ್ಣನೆಯ ತಂಬುಳಿಯನ್ನು ಬಡಿಸಿಕೊಂಡು ಮೊದಲು ಅದರಲ್ಲೇ ಉಂಡು, ಉಳಿದದ್ದನ್ನು ಕೈಯೊಡ್ಡಿ ಕುಡಿಯುತ್ತಿದ್ದೆವು.

ಇಂದು ಕುಳಿತು ನೋಡಿದರೆ ಆ ಪಾಕದ ಒಂದೊಂದು ಅಂಗಕ್ಕೂ ಕೆಲಸವಿತ್ತೆಂದು ತೋರುತ್ತದೆ. ಎಲೆಯ ಕ್ಯಾರೋಟಿನ್, ಲ್ಯೂಟೀನ್, ಕೆ ಜೀವಸತ್ವ ಇವೆಲ್ಲ ಕೊಬ್ಬಿನಲ್ಲಿ ಕರಗುವ ಪದಾರ್ಥಗಳು. ಬರಿಯ ನೀರಿನೊಡನೆ ಅರೆದು ಕುಡಿದರೆ ಅವುಗಳಲ್ಲಿ ಬಹುಪಾಲು ಬಂದ ದಾರಿಯಲ್ಲೇ ಹೊರಟುಹೋಗುವುವು. ತೆಂಗೂ ತುಪ್ಪವೂ ಅವುಗಳ ವಾಹನ. ಎಲೆಯಲ್ಲಿ ಆಕ್ಸಲೇಟ್ ಇದ್ದರೆ ಮಜ್ಜಿಗೆಯ ಸುಣ್ಣಾಂಶ ಅದನ್ನು ಕರುಳಿನಲ್ಲೇ ಹಿಡಿದು, ಕರಗದ ಲವಣವನ್ನಾಗಿ ಮಾಡಿ, ಮೂತ್ರಪಿಂಡದ ತನಕ ಹೋಗಗೊಡದೆ ಮಲದೊಡನೆ ಕಳುಹಿಬಿಡುವುದು. ಅಮ್ಮನಿಗೆ ಆಕ್ಸಲೇಟಿನ ಹೆಸರು ಗೊತ್ತಿರಲಿಲ್ಲ. ಅವಳು ಇದನ್ನೆಲ್ಲ ತಿಳಿದೇ ಮಾಡಿದಳೆಂದು ಹೇಳಿ ಪೂರ್ವಿಕರಿಗೆ ಇಲ್ಲದ ವಿಜ್ಞಾನವನ್ನು ಹೊರಿಸುವುದು ನನಗೆ ಬೇಡ. ರುಚಿಗಾಗಿ, ತಂಪಿಗಾಗಿ ಅವಳು ಮಾಡಿದಳು. ತಲೆತಲಾಂತರದಿಂದ ನಾಲಿಗೆಯೂ ಹೊಟ್ಟೆಯೂ ಒಪ್ಪಿದ್ದು ಉಳಿದುಬಂದಿತು. ನಮ್ಮ ಹಳೆಯ ಪದ್ಧತಿಯೆಲ್ಲವೂ ನಿರ್ದೋಷವೆಂದೂ ಅಲ್ಲ. ಮೈಸೂರು ಸೀಮೆಯ ಬಸ್ಸಾರಿನಲ್ಲಿ ದಂಟಿನ ಸೊಪ್ಪನ್ನು ಬೇಯಿಸಿ ಬಸಿದ ನೀರು ಸಾರಿಗೇ ಹೋಗುವುದರಿಂದ, ನೀರಿಗೆ ಇಳಿದ ಆಕ್ಸಲೇಟೂ ಮತ್ತೆ ತಟ್ಟೆಗೇ ಬರುವುದು. ದೀರ್ಘಕಾಲ ಕುದಿಸುವ ಅಭ್ಯಾಸದಿಂದ ಸಿ ಜೀವಸತ್ವ ನಷ್ಟವಾಗುವುದು. ಆದರೂ ಆ ಸಾರು ಇಡೀ ಮನೆಮಂದಿಗೆ ಹಂಚಿಹೋಗುವುದು; ಇಂದು ದಂಟು, ನಾಳೆ ಮೆಂತ್ಯ, ನಾಡಿದ್ದು ಸಬ್ಬಸಿಗೆ, ಮಳೆ ಹಿಡಿದೊಡನೆ ಹೊಲದ ಬದುವಿನಿಂದ ಅಣ್ಣೆ, ಗಣಿಕೆ, ಹೊನಗೊನ್ನೆ ಎಂದು ಹತ್ತಾರು ಬಗೆಯನ್ನು ಆಯ್ದು ಮಾಡುವ ಬೆರಕೆ ಸೊಪ್ಪು. ಒಂದು ಎಲೆಯ ದೋಷ ಇನ್ನೊಂದು ಎಲೆ ಬರುವಷ್ಟರಲ್ಲಿ ತೀರಿಹೋಗುತ್ತಿತ್ತು. ಮೆಂತ್ಯದಲ್ಲಿ ಆಕ್ಸಲೇಟ್ ಪಾಲಕಿಗಿಂತ ಎಷ್ಟೋ ಪಾಲು ಕಡಮೆ. ನುಗ್ಗೆಸೊಪ್ಪಿನಲ್ಲಿಯೂ ಕಡಮೆ, ಸುಣ್ಣಾಂಶವಾದರೋ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮೀರಿದ್ದು. ಹಿತ್ತಿಲ ನುಗ್ಗೆಮರ ಎಲೆ ಉದುರಿಸುತ್ತ ನಿಂತಿರುವಾಗ ಪಾಲಕಿನ ಕಟ್ಟನ್ನು ಕೊಂಡು ತರುವ ಮನೆಗಳನ್ನು ನೋಡಿದಾಗ ನನಗೆ ವ್ಯಸನವಾಗುವುದು.

ಹಸಿಯೆಂಬ ಮಾತಿನಲ್ಲಿ ಅಡಗಿರುವ ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾರೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬಿಡದಿಯ ಕಡೆಯ ಬೈರಮಂಗಲ ಕೆರೆಯನ್ನು ಸೇರುವುದನ್ನೂ, ಆ ನೀರು ಸುತ್ತಲ ಹೊಲಗಳಿಗೆ ಹರಿಯುವುದನ್ನೂ ಕಂಡವರು ಸೊಪ್ಪನ್ನು ಬೇಯಿಸದೆ ಬಾಯಿಗಿಡಲು ಹಿಂಜರಿಯುವರು. ಕುದಿಯುವ ನೀರು ಕೊಲ್ಲುವ ಕ್ರಿಮಿಯನ್ನು ಮಿಕ್ಸಿಯ ಅಲಗು ಕೊಲ್ಲಲಾರದು, ಜಾರಿನ ತುಂಬ ಸಮವಾಗಿ ಹಂಚುವುದಷ್ಟೆ. ಶುಚಿತ್ವಕ್ಕೆ ಹೆಸರಾದ ಅಮೆರಿಕದಲ್ಲಿಯೇ 2006ರಲ್ಲಿ ಚೀಲದಲ್ಲಿ ಮಾರುವ ಹಸಿ ಪಾಲಕಿನಿಂದ ಇನ್ನೂರರಷ್ಟು ಜನ ಅಸ್ವಸ್ಥರಾಗಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಇದಕ್ಕೆ ಸೇರಿದಂತೆ, ಕಹಿಯಾದಷ್ಟೂ ಗುಣ ಹೆಚ್ಚೆಂಬ ನಂಬಿಕೆಯೊಂದು ನಮ್ಮಲ್ಲಿ ಬಲವಾಗಿದೆ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿಯ ರಸ ಕುಡಿದು ತೀರಿಕೊಂಡ ಮೇಲೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞ ಸಮಿತಿ ಕಹಿ ಸೋರೆಯ ರಸವನ್ನು ಯಾರೂ ಕುಡಿಯಕೂಡದೆಂದು ಸ್ಪಷ್ಟವಾಗಿ ತಿಳಿಸಿತು. ನಮ್ಮ ಅಡುಗೆಮನೆಗಳಲ್ಲಿ ಸೋರೆಯನ್ನೋ ಸೌತೆಯನ್ನೋ ಹೆಚ್ಚುವ ಮೊದಲು ತುದಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಕಹಿಯಾದರೆ ಇಡೀ ಕಾಯನ್ನೇ ಗೊಬ್ಬರಗುಂಡಿಗೆ ಎಸೆಯುವ ವಾಡಿಕೆ ಇತ್ತು. ಊಟವೆಂದು ಎಣಿಸಿದಾಗ ನಾಲಿಗೆ ಕಾವಲು ಕಾಯುವುದು. ಔಷಧವೆಂದು ಎಣಿಸಿದೊಡನೆ ನಾವೇ ಆ ಕಾವಲುಗಾರನನ್ನು ಮನೆಗೆ ಕಳುಹಿಬಿಡುವೆವು. ಈ ಪದ್ಧತಿಯಲ್ಲಿ ನಾನು ಕಂಡ ದೋಷಗಳೆಲ್ಲ ಬಹುಮಟ್ಟಿಗೆ ಈ ಒಂದು ಎಣಿಕೆಯಿಂದಲೇ ಹುಟ್ಟಿದವು: ಮಾತ್ರೆಯಂತೆ ನಿತ್ಯವೂ ಅದೇ ಎಲೆ, ಹೆಚ್ಚಾದಷ್ಟೂ ಒಳ್ಳೆಯದೆಂಬ ಪ್ರಮಾಣ, ಉಪ್ಪು ಕೊಬ್ಬು ಮಜ್ಜಿಗೆಗಳ ಸಂಗವನ್ನು ಬಿಡಿಸಿದ ವ್ರತನಿಷ್ಠೆ.

ಇನ್ನು ಹಸಿವಿನ ಮಾತು. 1977ರಲ್ಲಿ ಇಂಗ್ಲೆಂಡಿನ ವೈದ್ಯರು ಕೆಲವರಿಗೆ ಸೇಬನ್ನು ಇಡಿಯಾಗಿಯೂ, ಅರೆದೂ, ರಸವಾಗಿಯೂ ಕೊಟ್ಟು ನೋಡಿದರು. ಇಡಿಯ ಹಣ್ಣನ್ನು ತಿನ್ನಲು 17 ನಿಮಿಷ ಹಿಡಿದರೆ, ಅರೆದದ್ದಕ್ಕೆ 6 ನಿಮಿಷ, ರಸಕ್ಕೆ ಒಂದೂವರೆ ನಿಮಿಷ ಸಾಕಾಯಿತು. ಹೊಟ್ಟೆ ತುಂಬಿದ ತೃಪ್ತಿಯೂ ಅದೇ ಕ್ರಮದಲ್ಲಿ ಇಳಿಯಿತು. ಎಲೆಯ ಒಗರನ್ನು ಮರೆಸಲು ಎರಡು ಬಾಳೆಹಣ್ಣು, ನಾಲ್ಕು ಖರ್ಜೂರ, ಜೇನು ಎಂದು ಸೇರಿಸುತ್ತ ಹೋಗುವ ಮಧುಮೇಹಿಗಳು ಈ ಲೆಕ್ಕವನ್ನು ಗಮನಿಸಬೇಕು. ಬೆಳಗಿನ ಉಪಾಹಾರದ ಬದಲಿಗೆ ಇದನ್ನೇ ಕುಡಿದು ಹನ್ನೊಂದು ಗಂಟೆಗೆ ಕಚೇರಿಯ ಕ್ಯಾಂಟೀನಿನಲ್ಲಿ ಬೋಂಡಾಕ್ಕೆ ಕೈಚಾಚುವ ತರುಣರನ್ನು ನಾನು ದೂರುವುದಿಲ್ಲ. ಹಲ್ಲಿಗೆ ಕೆಲಸವಿಲ್ಲದ ಊಟ ಹೊಟ್ಟೆಗೆ ಸುದ್ದಿ ಮುಟ್ಟಿಸುವುದರೊಳಗೆ ಮುಗಿದುಹೋಗಿರುತ್ತದೆ.

ಹೋದ ಶ್ರಾವಣದಲ್ಲಿ ನಮ್ಮಕ್ಕ ಊರಿನಿಂದ ಬಂದು ಹದಿನೈದು ದಿನ ನಮ್ಮಲ್ಲಿದ್ದಳು. ಬಂದ ಎರಡನೆಯ ಬೆಳಗ್ಗೆ ಸೊಸೆ ಅವಳ ಕೈಗೂ ಒಂದು ಲೋಟ ಕೊಟ್ಟಳು. ಅಕ್ಕ ಅರ್ಧ ಕುಡಿದು, ಬಾಯೊರಸಿಕೊಂಡು, "ರುಚಿಯಾಗೇ ಇದೆ ಕಣೆ, ಇದಕ್ಕೊಂದು ಒಗ್ಗರಣೆ ಇಲ್ಲ ಅಷ್ಟೆ" ಎಂದಳು. ಸೊಸೆ ನಕ್ಕು ಸುಮ್ಮನಾಗಲಿಲ್ಲ. "ಹಾಗಾದ್ರೆ ಅದನ್ನ ಹೇಗೆ ಮಾಡೋದು ತೋರಿಸಿ ಅತ್ತೆ" ಎಂದು ಕೇಳಿದಳು. ಬಾಲ್ಕನಿಯ ಕುಂಡದಲ್ಲಿ ಅಕ್ಕನೇ ಹಿಂದೊಮ್ಮೆ ತಂದು ನೆಟ್ಟಿದ್ದ ಒಂದೆಲಗ ಅಂಚು ದಾಟಿ ಕೆಳಗಿಳಿದಿತ್ತು. ಅವಳು ಅದರಿಂದ ಎಲೆಯನ್ನು ಒಂದೊಂದಾಗಿ ಎಣಿಸಿ ಕೊಯ್ದಳು. ಇಷ್ಟೇ ಸಾಕೇ ಎಂದು ಸೊಸೆ ಅಚ್ಚರಿಪಟ್ಟಾಗ, "ಆಳಿಗೆ ಐದೆಲೆ. ಇದೇನು ದನದ ಮೇವಲ್ಲವಲ್ಲ, ನಾಳೆ ದೊಡ್ಡಪತ್ರೆ ಇದೆ, ನಾಡಿದ್ದು ದಾಳಿಂಬೆ ಚಿಗುರಿದೆ" ಎಂದಳು. ಒರಳಿಲ್ಲದ ಮನೆಯಲ್ಲಿ ಮಿಕ್ಸಿಯ ಚಿಕ್ಕ ಜಾರೇ ಆಯಿತು. ತೆಂಗು, ಜೀರಿಗೆ, ಮೆಣಸು, ಎಲೆ ಎಲ್ಲ ನುಣ್ಣಗಾದ ಮೇಲೆ ಮಜ್ಜಿಗೆಗೆ ಬಳಿದು ಹಾಕಿ, ಜಾರಿನ ತಳಕ್ಕೂ ಅಲಗಿನ ಸಂದಿಗೂ ಅಂಟಿದ್ದ ಹಸಿರನ್ನು ಸ್ವಲ್ಪ ನೀರಿನಲ್ಲಿ ಕುಲುಕಿ, ಆ ನೀರನ್ನೂ ಚೆಲ್ಲದೆ ಪಾತ್ರೆಗೇ ಹೊಯ್ದಳು.